ಆನ್‌ಲೈನ್‌ನಲ್ಲಿ ತರಿಸಿದ ಮೇಪಲ್ ಬೊಡ್ಡೆ: ನಾಲ್ಕೂವರೆ ವರ್ಷ ಆದ್ಮೇಲೆ ಬರೀತಿರೋ ರಿವ್ಯೂ

ಪಾರ್ಸಲ್ ಬಿಚ್ಚಿದ ದಿನವೇ ಐದು ಸ್ಟಾರ್ ಒತ್ತಿ, ಪ್ಯಾಕಿಂಗ್ ಸೂಪರ್, ಡೆಲಿವರಿ ಫಾಸ್ಟ್ ಅಂತ ಬರೆದು ಕೈ ತೊಳ್ಕೊಳ್ಳೋರೇ ಜಾಸ್ತಿ. ಬೊನ್ಸಾಯ್ ಮಾಡೋಕೆ ಅಂತ ತಗೊಂಡ ಬೊಡ್ಡೆಗೆ, ಅಂದ್ರೆ ಕಡಿದ ಮರದ ಬುಡಕ್ಕೆ, ಹಂಗೆ ಬರೆದ್ರೆ ಉಪ್ಪಿನಕಾಯಿ ಹಾಕಿದ ದಿನವೇ ರುಚಿ ಹೇಳಿದಂಗಾಗತ್ತೆ. ನಾನು ತರಿಸಿದ್ದು 2021ರ ಮಾರ್ಚ್‌ನಲ್ಲಿ, ಬರೀತಿರೋದು ಈಗ, 2025 ಮುಗಿಯೋ ಹೊತ್ತಿಗೆ. ಮೂರು ಸ್ಟಾರ್. ಐದು ಯಾಕಿಲ್ಲ, ಒಂದೇ ಯಾಕಲ್ಲ ಅನ್ನೋದು ಸ್ವಲ್ಪ ಉದ್ದದ ಕಥೆ, ಕಾಫಿ ತಗೊಂಡು ಕೂತ್ಕೊಳಿ.

ನರ್ಸರಿ ಹೆಸರು ಹಾಕಲ್ಲ. ಅವ್ರು ಮಾಡಿದ್ದು ಈ ಲೈನಲ್ಲಿ ಬಹಳ ಜನ ಮಾಡೋದೇ, ಒಬ್ರನ್ನ ಹಿಡ್ಕೊಂಡು ಬೈದ್ರೆ ಪ್ರಯೋಜನ ಇಲ್ಲ, ತಗೊಳ್ಳೋ ನಮಗೆ ಕಣ್ಣಿರಬೇಕು ಅಷ್ಟೇ.

ನಾವಿರೋದು ಮೇರಿಲ್ಯಾಂಡ್‌ನಲ್ಲಿ, ವಾಷಿಂಗ್ಟನ್ ಊರೊಳಗೆ ಹೋಗೋಕೆ ಮುಕ್ಕಾಲು ಗಂಟೆ. ಅಲ್ಲಿ ನ್ಯಾಷನಲ್ ಆರ್ಬೊರೀಟಮ್ ಅನ್ನೋ ಮರಗಳ ತೋಟದೊಳಗೆ ಬೊನ್ಸಾಯ್ ಮ್ಯೂಸಿಯಂ ಇದೆ, ಟಿಕೆಟ್ ಇಲ್ಲ, ಊರಿಂದ ಅಪ್ಪ ಅಮ್ಮ ಬಂದಾಗೆಲ್ಲ ವೈಟ್‌ಹೌಸ್ ತೋರಿಸಿ ಆದ್ಮೇಲೆ ಇನ್ನೇನು ಅಂತ ಕರ್ಕೊಂಡು ಹೋಗೋ ಜಾಗ. ಅಮೆರಿಕಕ್ಕೆ ಇನ್ನೂರು ವರ್ಷ ತುಂಬಿದಾಗ, 1976ರಲ್ಲಿ, ಜಪಾನ್‌ನೋರು 53 ಬೊನ್ಸಾಯ್ ಉಡುಗೊರೆ ಕೊಟ್ರು, ಮ್ಯೂಸಿಯಂ ಶುರುವಾಗಿದ್ದೇ ಅದರಿಂದ. ಆ ಉಡುಗೊರೇಲಿ ಒಂದು ಪೈನ್ ಇದೆ, 1625ರಿಂದ ಕುಂಡದಲ್ಲೇ ಬೆಳೆದಿರೋದು, ಹಿರೋಶಿಮಾ ಮೇಲೆ ಬಾಂಬ್ ಬಿದ್ದಾಗ ಅಲ್ಲೇ ಹತ್ತಿರದ ಒಂದು ಮನೆ ಅಂಗಳದಲ್ಲಿದ್ದು ಬದುಕ್ಕೊಂಡಿದ್ದು. ಕೊಟ್ಟೋರು ಈ ವಿಷಯ ಬಾಯಿಬಿಟ್ಟು ಹೇಳಿರಲಿಲ್ಲ, 2001ರಲ್ಲಿ ಅವ್ರ ಮೊಮ್ಮಕ್ಕಳು ನೋಡೋಕೆ ಬಂದಾಗಲೇ ಮ್ಯೂಸಿಯಂನೋರಿಗೆ ಗೊತ್ತಾಗಿದ್ದು. ಅಪ್ಪ ಅದರ ಮುಂದೆ ಕೈ ಹಿಂದೆ ಕಟ್ಕೊಂಡು ಹತ್ತು ನಿಮಿಷ ನಿಂತಿದ್ರು. ನಾನು ಮಾತ್ರ ಪಕ್ಕದಲ್ಲಿ ಮೇಪಲ್‌ಗಳ ಬುಡ ನೋಡ್ಕೊಂಡು ನಿಂತೆ, ಮೇಣದಬತ್ತಿ ಕರಗಿ ತಟ್ಟೆ ಮೇಲೆ ಹರಡಿಕೊಂಡಂಗಿರೋ ಬೇರು. ರೋಗ ಅಂಟಿದ್ದು ಅಲ್ಲೇ.

ಬೀಜದಿಂದ ಬೆಳೆಸ್ತೀನಿ ಅಂದ್ರೆ ಕೈ ಮಣಿಕಟ್ಟಿನಷ್ಟು ದಪ್ಪ ಬರೋಕೇ ಹತ್ತು ಹದಿನೈದು ವರ್ಷ ನೆಲದಲ್ಲಿ ಬಿಡಬೇಕು. ಕುಂಡದಲ್ಲಿಟ್ರಂತೂ ದಪ್ಪ ಆಗೋದೇ ಇಲ್ಲ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಬೊನ್ಸಾಯ್ ಅಂದ್ರೆ ಸಣ್ಣ ಗಿಡಾನ ಸಣ್ಣ ಕುಂಡದಲ್ಲಿ ಉಪವಾಸ ಕೆಡವೋದು ಅಂದ್ಕೊಂಡಿರ್ತಾರೆ, ಆದ್ರೆ ಅಸಲಿ ಲೆಕ್ಕ ಉಲ್ಟಾ, ಮೊದ್ಲು ದೊಡ್ಡದು ಮಾಡಿ ಆಮೇಲೆ ಕತ್ತರಿಸಿ ಸಣ್ಣದು ಮಾಡೋದು. ಅದಕ್ಕೇ ಬೊಡ್ಡೆ ತಗೊಳ್ಳೋದು. ಹೊಲದಲ್ಲಿ ದಪ್ಪ ಆದ ಮರಾನ ಮೊಣಕಾಲೆತ್ತರಕ್ಕಿಂತ ಕೆಳಗೆ ಕಡಿದು, ಕಿತ್ತು ಮಾರ್ತಾರೆ. ದುಡ್ಡು ಕೊಡೋದು ಮರಕ್ಕಲ್ಲ, ಬೇರೆಯೋರು ಕಾದ ವರ್ಷಗಳಿಗೆ.

ನಾನು ತಗೊಂಡಿದ್ದು ಟ್ರೈಡೆಂಟ್ ಮೇಪಲ್. ಎಲೆ ಮೂರು ಸೀಳು, ಶಿವನ ತ್ರಿಶೂಲ ಅಂದ್ಕೊಳಿ, ಮೂಲ ಚೀನಾದ ಪೂರ್ವ ಭಾಗ. ಫೋಟೋಗಳಲ್ಲಿ ನೋಡೋ ಕೆಂಪು ನಕ್ಷತ್ರದ ಎಲೆ ಜಪಾನೀಸ್ ಮೇಪಲ್, ಅದು ಬೇರೆ. ಬೊಡ್ಡೆಯಿಂದ ಶುರು ಮಾಡೋರಿಗೆ ಟ್ರೈಡೆಂಟೇ ಸರಿ, ಯಾಕಂದ್ರೆ ಇದು ಭಂಡ ಗಿಡ. ಬೇರು ಮುಕ್ಕಾಲು ಪಾಲು ಕತ್ತರಿಸಿ, ಒಂದೂ ಕೊಂಬೆ ಇಲ್ದೆ ಬರೀ ಕಂಬ ನಿಲ್ಸಿದ್ರೂ ಹಳೇ ತೊಗಟೆ ಒಡ್ಕೊಂಡು ಚಿಗುರತ್ತೆ, ಗಾಯ ಬೇಗ ಮಾಯತ್ತೆ. ಜಪಾನೀಸ್ ಮೇಪಲ್ ಹಂಗಲ್ಲ, ಕಡಿದ ಕಡೆಯಿಂದ ಸುಮ್ನೆ ಕೆಳಕ್ಕೆ ಒಣಗ್ಕೊಂಡು ಬಂದ್ಬಿಡತ್ತೆ ಕೆಲವು ಸಲ.

ಲಿಸ್ಟಿಂಗ್‌ನಲ್ಲಿ ಬರೆದಿದ್ದು: ಹೊಲದಲ್ಲಿ ಬೆಳೆದದ್ದು, ಬುಡದ ಅಗಲ 4 ಇಂಚು, ಎತ್ತರ 9 ಇಂಚು, ಸುತ್ತ ಒಳ್ಳೇ ಬೇರು. ಬೆಲೆ 165 ಡಾಲರ್, ಶಿಪ್ಪಿಂಗ್ 38. ಒಂದೇ ಫೋಟೋ. ಫೋಟೋದಲ್ಲಿ ನೋಡಿದ್ರೆ ರಾಜಗಾಂಭೀರ್ಯ, ಬುಡ ಆನೆ ಪಾದದ ಥರ ನೆಲಕ್ಕೆ ಊರಿತ್ತು. ಮನೇಲಿ ಹೇಳಿದಾಗ ನಮ್ಮನೆಯವಳು ಒಂದೇ ಪ್ರಶ್ನೆ ಕೇಳಿದ್ಲು, "ಸೌದೆಗೆ ಇನ್ನೂರು ಡಾಲರಾ?"

ಪ್ಯಾಕಿಂಗ್‌ಗೆ ನಿಜವಾಗ್ಲೂ ಫುಲ್ ಮಾರ್ಕ್ಸ್. ಮಣ್ಣೆಲ್ಲ ತೊಳೆದು, ಬೇರಿಗೆ ಒದ್ದೆ ಪಾಚಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ನ್ಯೂಸ್‌ಪೇಪರ್, ಡಬ್ಬದೊಳಗೆ ಅಲ್ಲಾಡದಂಗೆ ಕಡ್ಡಿ ಅಡ್ಡ ಕೊಟ್ಟು ಕಳ್ಸಿದ್ರು. ಟೈಮಿಂಗೂ ಸರಿ, ಮೊಗ್ಗು ಉಬ್ಬೋಕೆ ಮುಂಚೆ, ಮಾರ್ಚ್ ಮೊದಲ ವಾರ. ಏಪ್ರಿಲ್ ಕೊನೇಲಿ ಕಳ್ಸೋ ನರ್ಸರಿಗಳೂ ಇವೆ, ಅವು ಬರೋ ಹೊತ್ತಿಗೆ ಎಲೆ ಬಂದು ಡಬ್ಬದಲ್ಲೇ ಬೆಂದಿರತ್ತೆ.

ಬಿಚ್ಚಿ, ಮೇಜಿನ ಮೇಲಿಟ್ಟು, ಮುಂದಿನಿಂದ ನೋಡ್ದೆ. ಫೋಟೋದಲ್ಲಿದ್ದದ್ದೇ, ಒಂದಿಂಚೂ ಸುಳ್ಳಿಲ್ಲ. ಆಮೇಲೆ ತಿರುಗಿಸ್ದೆ.

ಹಿಂದುಗಡೆ ಬುಡದಿಂದ ಎರಡು ಇಂಚು ಮೇಲೆ ಒಂದು ಹಳೇ ಗಾಯ, ಅಗಲ ಎರಡೂವರೆ ಇಂಚು, ಅಂಗೈಯಷ್ಟು. ಯಾವುದೋ ಕಾಲದಲ್ಲಿ ದಪ್ಪ ಕೊಂಬೆ ಇತ್ತು, ಅದನ್ನ ಕಡಿದು ಹಂಗೇ ಬಿಟ್ಟಿದಾರೆ, ಮೇಣ ಇಲ್ಲ ಏನಿಲ್ಲ, ಮಧ್ಯದ ಕಟ್ಟಿಗೆ ಬೂದು ಬಣ್ಣ ತಿರುಗಿ ಉಗುರಲ್ಲಿ ಒತ್ತಿದ್ರೆ ರಸ್ಕ್ ಥರ ಪುಡಿ ಉದುರ್ತಿತ್ತು. ಅದರ ಕೆಳಗೆ, ಬುಡದ ಸುತ್ತಳತೆಯ ಮೂರನೇ ಒಂದು ಭಾಗದಲ್ಲಿ ಬೇರೇ ಇಲ್ಲ. ಬೋಳು. ಸುತ್ತ ಒಳ್ಳೇ ಬೇರು ಅಂತ ಬರೆದಿದ್ದು ಯಾವ ಸುತ್ತ ಅಂತ ಕೇಳಬೇಕು. ಮೇಲುಗಡೆ ಕಡಿದಿದ್ದೂ ಸಪಾಟಾಗಿ, ಗರಗಸದಲ್ಲಿ ಕಂಬ ಕುಯ್ದಂಗೆ. ಅಂದ್ರೆ ಈ ಮರಾನ ಹೊಲದಲ್ಲಿದ್ದಷ್ಟು ವರ್ಷಾನೂ ಯಾರೂ ಮಧ್ಯ ಮಧ್ಯ ಕತ್ತರಿಸಿಲ್ಲ, ನೆಟ್ಟಗೆ ಬೆಳೆಯೋಕೆ ಬಿಟ್ಟು ಕೊನೇಲಿ ಒಂದೇ ಏಟಿಗೆ ಕಡಿದಿದಾರೆ. ಒಳ್ಳೇ ಬೆಳೆಗಾರ ಆಗಿದ್ರೆ ಮೂರ್ನಾಲ್ಕು ವರ್ಷಕ್ಕೊಂದ್ಸಲ ಕತ್ತರಿಸಿ ಕತ್ತರಿಸಿ, ಕೆಳಗೆ ದಪ್ಪ ಮೇಲೆ ಸಣ್ಣ ಅನ್ನೋ ಇಳಿಜಾರು ತಂದಿರ್ತಿದ್ದ. ಅಂಥದ್ದಕ್ಕೆ ಬೆಲೆ ಎರಡರಷ್ಟು ಮೂರರಷ್ಟು ಇರತ್ತೆ ಬಿಡಿ, ಕಾಸಿಗೆ ತಕ್ಕ ಕಜ್ಜಾಯ.

ಫೋಟೋ ತೆಗೆದು ಮೇಲ್ ಹಾಕ್ದೆ. ಎರಡು ದಿನ ಬಿಟ್ಟು ಉತ್ತರ ಬಂತು, ಮರ್ಯಾದೆಯಾಗೇ ಇತ್ತು. ಬೊನ್ಸಾಯ್‌ಗೆ ಒಂದು ಮುಂಭಾಗ ಅಂತ ಇರತ್ತೆ, ನಾವು ಮುಂಭಾಗದ ಫೋಟೋ ಹಾಕಿದೀವಿ, ಹಿಂದಿನ ಗಾಯ ಕಾಣಲ್ಲ, ಬೇಕಾದ್ರೆ ಮುಂದಿನ ಆರ್ಡರ್‌ಗೆ 30 ಡಾಲರ್ ಕ್ರೆಡಿಟ್ ಕೊಡ್ತೀವಿ ಅಂತ. ವಾಪಸ್ ಕಳಿಸ್ತೀನಿ ಅಂದ್ರೆ ಶಿಪ್ಪಿಂಗ್ ನಂದೇ, ಅಷ್ಟರಲ್ಲಿ ಮೊಗ್ಗು ಒಡೆಯೋ ಟೈಮ್ ಬೇರೆ. ಇಟ್ಕೊಂಡೆ. ಇಲ್ಲೇ ಎರಡು ಸ್ಟಾರ್ ಹೋಗಿದ್ದು. ಸುಳ್ಳು ಹೇಳಿಲ್ಲ, ಆದ್ರೆ ಮದುವೆ ಜಾಹೀರಾತಲ್ಲಿ ಒಂದೇ ಕಡೆ ಮುಖ ತೋರ್ಸಿದಂಗಾಯ್ತು.

ಕೂರಿಸೋದು ಹೆಂಗೆ ಅಂತ ತುಂಬ ಜನ ಕೇಳ್ತಾರೆ. ತಳದಲ್ಲಿ ಕೆಳಕ್ಕೆ ಇಳಿದಿದ್ದ ದಪ್ಪ ಬೇರುಗಳನ್ನ ಗರಗಸದಲ್ಲಿ ಪೂರ್ತಿ ಸಪಾಟು ಮಾಡ್ದೆ, ಮೊದಲ ಸಲ ಕೈ ನಡುಗತ್ತೆ, ಆಮೇಲೆ ಅಭ್ಯಾಸ ಆಗತ್ತೆ. ಪಕ್ಕಕ್ಕೆ ಹರಡಿದ ಬೇರು ಮಾತ್ರ ಉಳಿಸಿ, ಕೆಳಗೆ ಒಂದು ಮರದ ಹಲಗೆ ಕೊಟ್ಟು, ಹಲಗೆಗೆ ಬುಡಾನ ಒಂದು ಸ್ಕ್ರೂ ಹಾಕಿ ಬಿಗಿದೆ. ಹಲಗೆ ಯಾಕಂದ್ರೆ ಬೇರು ಕೆಳಗೆ ಹೋಗೋಕಾಗದೆ ಪಕ್ಕಕ್ಕೇ ಓಡಬೇಕು, ಅದೇ ಮುಂದೆ ಆನೆ ಪಾದ ಆಗೋದು. ಇದನ್ನೆಲ್ಲ ಅಡಿಯೆಲ್ಲ ಜಾಲರಿ ಇರೋ 16 ಇಂಚಿನ ಚೌಕ ಪ್ಲಾಸ್ಟಿಕ್ ಟ್ರೇನಲ್ಲಿ ಇಟ್ಟೆ, ಇಲ್ಲಿ ಆಂಡರ್ಸನ್ ಫ್ಲಾಟ್ ಅಂತಾರೆ, ಬೊಡ್ಡೆ ಬೆಳೆಸೋಕೆ ಇದಕ್ಕಿಂತ ಒಳ್ಳೇದು ನಾನು ನೋಡಿಲ್ಲ. ಗಾಳಿ ಆಡತ್ತೆ, ಬೇರು ಸುತ್ಕೊಳ್ಳಲ್ಲ. ಚಂದ ಇಲ್ಲ, ಟೊಮೇಟೊ ಕ್ರೇಟ್ ಥರ ಕಾಣತ್ತೆ, ಯಾರಿಗೆ ಬೇಕು ಚಂದ.

ಮಣ್ಣು ಅಂದ್ರೆ ಮಣ್ಣಲ್ಲ. ಅಕಡಾಮಾ ಅಂತ ಜಪಾನ್‌ನಿಂದ ಬರೋ ಕೆಂಪು ಜೇಡಿ ಹರಳು, ಪ್ಯೂಮಿಸ್ ಕಲ್ಲು, ಲಾವಾ ಕಲ್ಲು, ಮೂರೂ ಸಮಸಮ, ಜರಡಿ ಹಿಡಿದು ಧೂಳು ತೆಗೆದು. ಅಕಡಾಮಾ ಬೆಲೆ ಕೇಳಿದ್ರೆ ಹೊಟ್ಟೆ ಉರಿಯತ್ತೆ, ನಮ್ಮೂರಲ್ಲಿ ಗದ್ದೆ ಬದುವಿನಲ್ಲಿ ಬಿದ್ದಿರೋ ಮಣ್ಣಿನ ಹೆಂಟೆಯಂಗಿರೋದಕ್ಕೆ ಬಾಸ್ಮತಿ ಅಕ್ಕಿ ರೇಟು. ದುಡ್ಡು ಉಳಿಸೋಕೆ ಹೋಗಿ ಬೇಸ್‌ಬಾಲ್ ಮೈದಾನಕ್ಕೆ ಹಾಕೋ ಸುಟ್ಟ ಜೇಡಿ ಹರಳು ಒಂದು ಮೂಟೆ ತಂದೆ, ಅದರಲ್ಲಿ ಇನ್ನೊಂದು ಗಿಡ ಹಾಕಿದ್ದೆ, ಹರಳು ಸಣ್ಣದಾಯ್ತು, ತಳದಲ್ಲಿ ನೀರು ನಿಂತು ಬೇರು ಕಪ್ಪಾಯ್ತು. ಜರಡಿ ಹಿಡಿಯದೆ ಅದನ್ನ ಬಳಸಬೇಡಿ. ಬೊಡ್ಡೆ ಬೆಳೆಯೋ ಹಂತದಲ್ಲಿ ಅಕಡಾಮಾ ಇಲ್ದೆ ಪ್ಯೂಮಿಸ್ ಜೊತೆ ಸ್ವಲ್ಪ ಪೈನ್ ತೊಗಟೆ ಹಾಕಿದ್ರೂ ನಡೆಯತ್ತೆ, ಇದು ನನಗೆ ಮೂರನೇ ವರ್ಷ ಗೊತ್ತಾಗಿದ್ದು.

ಏಪ್ರಿಲ್ ಪೂರ್ತಿ ಏನೂ ಇಲ್ಲ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಹೋಗಿ ಕಂಬ ನೋಡೋದು, ಬರೋದು. ಅಮ್ಮ ವಿಡಿಯೋ ಕಾಲ್‌ನಲ್ಲಿ "ಏನೋ ಅದು, ತುಳಸಿಕಟ್ಟೆ ಸುತ್ತಿದಂಗೆ ಸುತ್ತತೀಯ" ಅಂದ್ರು. ತಿಂಗಳ ಕೊನೇಲಿ ಒಂದಿನ ತೊಗಟೆ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಕೆಂಪು ಚುಕ್ಕೆ ಕಂಡ್ವು, ಮೊದ್ಲು ಹುಳದ ಮೊಟ್ಟೆ ಅಂದ್ಕೊಂಡು ಉಗುರಲ್ಲಿ ಕೆರೆಯೋಕೆ ಹೋಗಿದ್ದೆ, ಹತ್ರ ನೋಡಿದ್ರೆ ತುದಿ ಚೂಪು. ಮೊಗ್ಗು. ಹತ್ತು ದಿನದಲ್ಲಿ ಎಣಿಸಿದ್ರೆ 31. ಅಮ್ಮಂಗೆ ತೋರಿಸ್ದೆ, "ಕೊರಡು ಕೊನರಿತಲ್ಲೋ" ಅಂದ್ರು. ಇಂಗ್ಲಿಷ್‌ನಲ್ಲಿ ಇದಕ್ಕೆ ಉದ್ದುದ್ದ ಟೆಕ್ನಿಕಲ್ ಪದ ಇದೆ, ನಮ್ಮಲ್ಲಿ ಎರಡೇ ಪದ ಸಾಕು ನೋಡಿ.

ಆಮೇಲೆ ಬಂದ್ವು ಜೀರುಂಡೆ. 2021ರಲ್ಲಿ ಇಲ್ಲಿದ್ದೋರಿಗೆ ನೆನಪಿರತ್ತೆ, ಹದಿನೇಳು ವರ್ಷಕ್ಕೊಂದ್ಸಲ ನೆಲದಿಂದ ಏಳೋ ಬ್ರೂಡ್ ಟೆನ್ ಅನ್ನೋ ದಂಡು, ಹಿಂದಿನ ಸಲ 2004, ಮುಂದಿನ ಸಲ 2038. ಮೇ ಮಧ್ಯದಿಂದ ಜೂನ್‌ವರೆಗೂ ಕಿವಿ ತೂತಾಗೋ ಸದ್ದು, ಕೆಂಪು ಕಣ್ಣು, ಎಲ್ಲಿ ಕಾಲಿಟ್ರೂ ಕರಕ್ ಅನ್ನೋದು. ಅವು ಎಲೆ ತಿನ್ನಲ್ಲ, ಆದ್ರೆ ಹೆಣ್ಣು ಹುಳ ಪೆನ್ಸಿಲ್ ದಪ್ಪದ ಕೊಂಬೆ ಸೀಳಿ ಅದರೊಳಗೆ ಮೊಟ್ಟೆ ಇಡತ್ತೆ, ಕೊಂಬೆ ಅಲ್ಲಿಂದ ಮುರ್ಕೊಂಡು ಜೋತುಬೀಳತ್ತೆ. ನನ್ನ ಬೊಡ್ಡೇಲಿ ಇದ್ದದ್ದೇ ಪೆನ್ಸಿಲ್ ಆಗ್ತಿರೋ ಕೊಂಬೆಗಳು! ಇನ್ನೂರು ಡಾಲರ್ ಕೊಟ್ಟು, ಗಾಯ ನುಂಗ್ಕೊಂಡು, 31 ಚಿಗುರು ಎಣಿಸಿ, ಹದಿನೇಳು ವರ್ಷದಲ್ಲಿ ಸರಿಯಾಗಿ ಅದೇ ವರ್ಷ ಶುರು ಮಾಡಿದೀನಿ ಅಂದ್ರೆ ನನ್ನ ಜಾತಕ ಅರ್ಥ ಮಾಡ್ಕೊಳಿ. ಊರಿಂದ ತಂದಿದ್ದ ಸೊಳ್ಳೆ ಪರದೆ ಕಟ್ಟಿ ಆರು ವಾರ ಕಾಪಾಡ್ದೆ. ಪಕ್ಕದ ಮನೆಯೋರು ಮಗು ಮಲಗ್ಸಿದೀರಾ ಅಂತ ಬಗ್ಗಿ ನೋಡ್ಕೊಂಡು ಹೋದ್ರು.

ಮೊದಲ ವರ್ಷ ಚಿಗುರು ಕತ್ತರಿಸಬಾರದು, ಬೇರು ಕಟ್ಟೋಕೆ ಎಲೆ ಬೇಕು. ಒಂದೇ ಎಕ್ಸೆಪ್ಷನ್, ಮೇಲೆ ಕಡಿದ ಅಂಚಲ್ಲಿ ಗುಂಪುಗುಂಪಾಗಿ ಬರೋವು, ಅವನ್ನ ಬಿಟ್ರೆ ಅಲ್ಲಿ ಗಂಟು ಕಟ್ಟಿ ಕುತ್ತಿಗೆಗಿಂತ ತಲೆ ದಪ್ಪ ಆಗತ್ತೆ. ಒಂದನ್ನ ಮಾತ್ರ ಆರಿಸ್ಕೊಂಡೆ, ಅದೇ ಮುಂದಿನ ಕಾಂಡ. ಅದಕ್ಕೆ ಅಲ್ಯೂಮಿನಿಯಂ ತಂತಿ ಸುತ್ತಿ ಸ್ವಲ್ಪ ಬಳುಕು ಕೊಟ್ಟೆ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಸುಮ್ನೆ ಹೇಳಿಲ್ಲ, ಮೇಪಲ್ ಕೊಂಬೆ ಒಂದೇ ಬೇಸಿಗೇಲಿ ಗಟ್ಟಿ ಆಗ್ಬಿಡತ್ತೆ. ತಂತಿ ಸುತ್ತಿ ಎರಡು ವಾರ ಊರಿಗೆ ಹೋಗಿ ಬಂದೆ ಅಷ್ಟೇ, ಬರೋ ಹೊತ್ತಿಗೆ ತೊಗಟೆಯೊಳಗೆ ತಂತಿ ಕೂತಿತ್ತು. ಆ ಸುರುಳಿ ಗುರುತು ಇವತ್ತಿಗೂ ಇದೆ, ಚಕ್ಕುಲಿ ಥರ.

ಈಗ ಗಾಯದ ವಿಷಯ, ಇದೇ ಮುಖ್ಯ. ಮರದ ಗಾಯ ನಮ್ಮ ಗಾಯದ ಥರ ಒಳಗಿಂದ ತುಂಬ್ಕೊಳ್ಳಲ್ಲ. ಸತ್ತ ಕಟ್ಟಿಗೆ ಸತ್ತಂಗೇ ಇರತ್ತೆ, ತೊಗಟೆ ಕೆಳಗಿನ ಹಸಿರು ಪದರ ಅಂಚಿನಿಂದ ತುಟಿ ಥರ ಉಬ್ಬಿ ಉಬ್ಬಿ ಮೇಲೆ ಮುಚ್ಕೊಂಡು ಬರತ್ತೆ. ಅದಕ್ಕೇ ಮೊದ್ಲು ಕೊಳೆತ ಕಟ್ಟಿಗೇನ ಉಳಿಯಲ್ಲಿ ಕೆತ್ತಿ, ಗಟ್ಟಿ ಮರ ಸಿಗೋವರೆಗೂ ತೆಗೆದು, ಅಂಚನ್ನ ಹರಿತ ಚಾಕುವಲ್ಲಿ ಹೊಸದಾಗಿ ಕೊಯ್ದು, ಪೇಸ್ಟ್ ಹಚ್ಚಬೇಕು. ಪೇಸ್ಟ್ ಎರಡು ಥರ ಟ್ರೈ ಮಾಡ್ದೆ. ಟಾಪ್‌ಜಿನ್ ಅಂತ ಕಿತ್ತಳೆ ಬಣ್ಣದ್ದು, ಅದರಲ್ಲಿ ಫಂಗಸ್ ಔಷಧಿ ಇರತ್ತೆ, ಹಚ್ಚೋದು ಸುಲಭ, ಆದ್ರೆ ಬಣ್ಣ ಅಂದ್ರೆ ಬಣ್ಣ, ಮಗಳು ಬಂದು "ಅಪ್ಪ, ಗಿಡಕ್ಕೆ ಕುಂಕುಮ ಯಾಕೆ ಇಟ್ಟಿದೀಯ" ಅಂದ್ಲು, ನನ್ನ ಟೀಶರ್ಟ್ ಮೇಲಿನ ಕಲೆ ಇನ್ನೂ ಹೋಗಿಲ್ಲ. ಇನ್ನೊಂದು ಬೂದು ಬಣ್ಣದ ಜೇಡಿ ಥರದ್ದು, ಚಪಾತಿ ಹಿಟ್ಟಿನಂಗೆ ಉಂಡೆ ಮಾಡಿ ಒತ್ತೋದು, ದೊಡ್ಡ ಗಾಯಕ್ಕೆ ಅದೇ ಬೆಸ್ಟ್, ಒಣಗಿ ಬಿರುಕು ಬಿಡಲ್ಲ, ತುಟಿ ಬೆಳೀತಾ ಬೆಳೀತಾ ಅದನ್ನ ತಾನೇ ಆಚೆ ತಳ್ಳತ್ತೆ. ವರ್ಷಕ್ಕೊಂದ್ಸಲ, ಮೇ ಕೊನೆ ಹೊತ್ತಿಗೆ, ನಿಂತುಹೋದ ತುಟಿ ಅಂಚನ್ನ ಸ್ವಲ್ಪವೇ ಕೊಯ್ದು ಎಬ್ಬಿಸ್ಬೇಕು, ಮತ್ತೆ ಪೇಸ್ಟ್. ಗಾಯಾನ ಮಾಯಿಸೋಕೆ ಮತ್ತೆ ಗಾಯ ಮಾಡೋದು, ಡೆಂಟಿಸ್ಟ್ ಕೆಲ್ಸ ಇದ್ದಂಗೆ.

ಐದು ಬೇಸಿಗೆ ಆದ್ಮೇಲೆ ಲೆಕ್ಕ ಹೇಳ್ತೀನಿ, ಎರಡೂವರೆ ಇಂಚಿದ್ದ ಗಾಯ ಈಗ ಒಂದೂಕಾಲು ಇಂಚು. ಮೇಲಿನ ಸಪಾಟು ಕಡಿತಾನ 2022ರಲ್ಲಿ ಓರೆಯಾಗಿ ಕತ್ತರಿಸಿ ಹೊಸ ಕಾಂಡಕ್ಕೆ ಸೇರ್ಸಿದ್ದೆ, ಅದು ಮುಕ್ಕಾಲು ಮುಚ್ಚಿದೆ, ಯಾಕಂದ್ರೆ ಅದರ ಮೇಲೆ ಜೋರಾಗಿ ಬೆಳೆಯೋ ಕಾಂಡ ಇದೆ, ರಸ ಓಡಾಡತ್ತೆ. ಹಿಂದಿನ ಗಾಯದ ಮೇಲೆ ಏನೂ ಇಲ್ಲ, ಅದಕ್ಕೇ ಆಮೆ ಸ್ಪೀಡ್. ಇದನ್ನ ಮೊದ್ಲೇ ತಿಳ್ಕೊಂಡಿದ್ರೆ ಗಾಯದ ಪಕ್ಕದಲ್ಲೇ ಒಂದು ಚಿಗುರು ಬಿಟ್ಟು ದಪ್ಪ ಮಾಡಿ, ಕೆಲಸ ಆದ್ಮೇಲೆ ಕಡೀಬಹುದಿತ್ತು. 31ರಲ್ಲಿ ಅಲ್ಲಿದ್ದ ಎರಡನ್ನ ನಾನೇ ಕಿತ್ತಿದ್ದೆ, ಹಿಂದುಗಡೆ ಯಾಕೆ ಬೇಕು ಅಂತ.

ಬೇರಿಲ್ಲದ ಬೋಳು ಕಡೆಗೆ ಕಸಿ. ಇಲ್ಲಿ ರಸ್ತೆ ಬದಿ ಮರವಾಗಿ ಟ್ರೈಡೆಂಟ್ ಮೇಪಲ್ ನೆಡ್ತಾರೆ, ಬೀಜ ಹೆಲಿಕಾಪ್ಟರ್ ಥರ ಸುತ್ಕೊಂಡು ಬಿದ್ದು ಪಾರ್ಕಿಂಗ್ ಲಾಟ್ ಸಂದೀಲೆಲ್ಲ ಹುಟ್ಟಿರತ್ತೆ, ಹೆಂಗೂ ಕಳೆ ಅಂತ ಕಿತ್ತು ಬಿಸಾಕೋವೇ. ಅಂಥ ಮೂರು ಸಸಿ ತಂದು, 2022ರ ವಸಂತದಲ್ಲಿ ಬುಡದ ಬೋಳು ಕಡೆ ಉಳಿಯಲ್ಲಿ ಕಾಲುವೆ ಥರ ಮೂರು ಗೀರು ಕೊರೆದು, ಸಸಿಯ ಸೊಂಟಾನ ಅದರೊಳಗೆ ಕೂರಿಸಿ, ಸಣ್ಣ ಮೊಳೆ ಹೊಡೆದು, ಪೇಸ್ಟ್ ಮುಚ್ಚಿದೆ. ಮೇಲೆ ಸಸಿ ತಲೆ ಬೆಳೆಯೋಕೆ ಬಿಟ್ಟೆ. ಎರಡು ವರ್ಷ ಆದ್ಮೇಲೆ ಎರಡು ಕೂಡ್ಕೊಂಡಿದ್ವು, ತಲೆ ಕತ್ತರಿಸ್ದೆ, ಈಗ ಅವು ಬೊಡ್ಡೆಯ ಬೇರು. ಮೂರನೇದು ಅಳ್ಳಾಡ್ತಿತ್ತು, ಕೈಯಲ್ಲಿ ಹಿಡಿದ್ರೆ ಹಲ್ಲು ಬಂದಂಗೆ ಬಂತು. ಈ ಒಂದು ಕೆಲಸ ನನಗೆ ಕೊಟ್ಟ ಖುಷಿ ಆಫೀಸಲ್ಲಿ ಪ್ರಮೋಷನ್ ಬಂದಾಗಲೂ ಬಂದಿಲ್ಲ, ಮ್ಯಾನೇಜರ್ ಕನ್ನಡ ಓದಲ್ಲ ಅನ್ನೋ ಧೈರ್ಯದಲ್ಲಿ ಬರೀತಿದೀನಿ.

ಒಂದು ದಡ್ಡತನ ನಂದು, ನರ್ಸರಿದಲ್ಲ. 2024ರ ಫೆಬ್ರವರೀಲಿ ಹೊಸ ಕಾಂಡ ಆರು ಅಡಿ ಎತ್ತರ ಹೋಗಿತ್ತು, ಬುಡದಲ್ಲಿ ಒಂದೂಕಾಲು ಇಂಚು ದಪ್ಪ. ಎರಡನೇ ಕಡಿತದ ಟೈಮ್. ಕತ್ತರಿಸಿದ್ದೇ ತಡ, ನಲ್ಲಿ ಬಿಟ್ಟಂಗೆ ರಸ ತೊಟ್ಟಿಕ್ಕೋಕೆ ಶುರುವಾಯ್ತು, ಐದು ದಿನ ನಿಲ್ಲಲಿಲ್ಲ, ಪೇಸ್ಟ್ ಹಚ್ಚಿದ್ರೆ ತೇಲ್ಕೊಂಡು ಹೋಗ್ತಿತ್ತು. ಮೇಪಲ್ ಸಿರಪ್ ತೆಗೆಯೋ ಸೀಸನ್ನೇ ಅದು, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗೋ ದಿನಗಳಲ್ಲಿ ಮರದೊಳಗೆ ಒತ್ತಡ ಏರತ್ತೆ, ಅದಕ್ಕೇ ರೈತರು ಶುಗರ್ ಮೇಪಲ್‌ಗೆ ತೂತು ಕೊರೆದು ಬಕೆಟ್ ಕಟ್ಟೋದು, ನಾನು ಬಕೆಟ್ ಇಲ್ದೆ ಕೊರೆದೆ ಅಷ್ಟೇ. ಗಿಡ ಸಾಯಲಿಲ್ಲ, ಆದ್ರೆ ಕಡಿದ ಕಡೆಯಿಂದ ಅರ್ಧ ಇಂಚು ಒಣಗ್ತು, ನಾನು ಆರಿಸಿಟ್ಟಿದ್ದ ಮೊಗ್ಗು ಹೋಯ್ತು, ಇನ್ನೊಂದನ್ನ ಹುಡುಕಬೇಕಾಯ್ತು. ಈಗ ದೊಡ್ಡ ಕಡಿತ ಎಲ್ಲ ಎಲೆ ಬಂದು ಗಟ್ಟಿಯಾದ್ಮೇಲೆ, ಜೂನ್‌ನಲ್ಲಿ. ಬೇರೂ ಜೊತೆಗೇ ಕತ್ತರಿಸೋದಾದ್ರೆ ಮಾತ್ರ ಚಳಿಗಾಲದ ಕೊನೆ, ಆಗ ಅಷ್ಟು ಸೋರಲ್ಲ.

ಚಳಿಗಾಲಕ್ಕೆ ಗ್ಯಾರೇಜ್. ಎಲೆ ಇಲ್ದಾಗ ಬಿಸಿಲು ಬೇಡ. ಮೇಪಲ್ ಕಾಂಡ ಚಳಿ ತಡೆಯತ್ತೆ, ಟ್ರೈಡೆಂಟ್ ಬೇರು ತಡೆಯಲ್ಲ, ಮೂಲಂಗಿ ಥರ ನೀರು ತುಂಬ್ಕೊಂಡಿರತ್ತೆ, ಟ್ರೇನಲ್ಲಿ ಆಚೆ ಬಿಟ್ರೆ ಹೆಪ್ಪುಗಟ್ಟಿ ಕೊಳೆಯತ್ತೆ. ಗೊಬ್ಬರಕ್ಕೆ ಹಿಂಡಿ ಉಂಡೆ ಇಟ್ರೆ ಅಳಿಲು ಕದೀತವೆ, ಟೀ ಬ್ಯಾಗ್‌ನೊಳಗೆ ತುಂಬಿ ಕಡ್ಡಿ ಚುಚ್ಚಿ ಇಡಿ.

ಟೂಲ್ಸ್ ಬಗ್ಗೆ ಜಾಸ್ತಿ ಹೇಳಲ್ಲ. ಕೊಂಬೆನ ಒಳಗುಳಿ ಬೀಳೋ ಹಂಗೆ ಕಚ್ಚಿ ತೆಗೆಯೋ ಕಾನ್ಕೇವ್ ಕಟರ್ ಒಂದು ಬೇಕೇ ಬೇಕು, ಅದರಿಂದ ಗಾಯ ಉಬ್ಬದೆ ಸಮ ಮಾಯತ್ತೆ. ಹನ್ನೆರಡು ಪೀಸ್ ಸೆಟ್ ಅಂತ ಚರ್ಮದ ಚೀಲದಲ್ಲಿ ಬರೋದು ತಗೋಬೇಡಿ, ಅದರಲ್ಲಿ ಒಂಬತ್ತನ್ನ ನಾನು ಚೀಲದಿಂದ ಆಚೆ ತೆಗೆದೇ ಇಲ್ಲ.

ಬೆಂಗಳೂರಿನ ಫ್ರೆಂಡ್ಸ್ ಫೋಟೋ ನೋಡಿ ನಮಗೂ ಒಂದು ಮೇಪಲ್ ತಗೊಂಡ್ಬಾ ಅಂತಾರೆ. ಬೇಡ. ಗಿಡ ಹಂಗೆ ಸೂಟ್‌ಕೇಸಲ್ಲಿ ತರೋಕೆ ಕಾನೂನು ಬಿಡಲ್ಲ, ತಂದ್ರೂ ಇದಕ್ಕೆ ಎರಡು ಮೂರು ತಿಂಗಳು ನಿಜವಾದ ಚಳಿ ಬೇಕು, ನಿದ್ದೆ ಇಲ್ದಿದ್ರೆ ಎರಡು ಮೂರು ವರ್ಷಕ್ಕೆ ಸೊರಗಿ ಹೋಗತ್ತೆ. ಅಲ್ಲಿ ಇದೇ ಕೆಲಸಕ್ಕೆ ಬೋಗನ್‌ವಿಲ್ಲ ಬೊಡ್ಡೆ ಇದೆ, ಹಳೇ ಮನೆ ಕೆಡವುವಾಗ ಕಾಂಪೌಂಡ್ ಪಕ್ಕ ಬಿಸಾಕಿರ್ತಾರೆ, ತೊಡೆಯಷ್ಟು ದಪ್ಪ, ಬಿಟ್ಟಿ. ಅತ್ತಿ, ಆಲ, ಹುಣಸೆ ಎಲ್ಲ ಬೊಡ್ಡೆಯಿಂದ ಚಿಗುರೋವೇ. ಮೈಸೂರಲ್ಲಿ ಗಣಪತಿ ಸಚ್ಚಿದಾನಂದ ಆಶ್ರಮದ ಬೊನ್ಸಾಯ್ ತೋಟ ಇದೆಯಲ್ಲ, ಕಿಷ್ಕಿಂಧಾ ಮೂಲಿಕಾ ಅಂತ, ಹೋದ ಸಲ ಅಲ್ಲಿಗೆ ಹೋದಾಗ ನಾನು ಮಾಡಿದ್ದು ಒಂದೇ, ಪ್ರತಿ ಕುಂಡದ ಹಿಂದೆ ಬಗ್ಗಿ ನೋಡಿದ್ದು. ಹಿಂದಿನಿಂದ ಬಂದ ಒಬ್ಬ ಅಜ್ಜಿ "ಏನಪ್ಪ ಕಳ್ಕೊಂಡೆ" ಅಂತ ಕೇಳಿದ್ರು.

ಈ ಬೇಸಿಗೇಲಿ ನಡೆದಿದ್ದು ಹೇಳ್ಬಿಡ್ತೀನಿ. ಇಲ್ಲಿನ ಬೊನ್ಸಾಯ್ ಕ್ಲಬ್‌ಗೆ ಟ್ರೇ ಸಮೇತ ಹೊತ್ಕೊಂಡು ಹೋಗಿದ್ದೆ, ಒಬ್ಬ ಹಿರಿಯರು, ನಲವತ್ತು ವರ್ಷದಿಂದ ಇದರಲ್ಲೇ ಇರೋರು, ಬಂದು ನೋಡಿ, ಏನೂ ಮಾತಾಡದೆ ಬೊಡ್ಡೇನ ನಿಧಾನಕ್ಕೆ ಸುತ್ತು ಹಾಕ್ಸಿ, ಗಾಯ ಇರೋ ಕಡೆ ಅರ್ಧ ಮುಂದಕ್ಕೆ ಬರೋ ಹಂಗೆ ನಿಲ್ಸಿದ್ರು. ಅದನ್ನ ಪೂರ್ತಿ ಮುಚ್ಚಿಸೋಕೆ ಒದ್ದಾಡಬೇಡ, ಕೊಳೆಯದಂಗೆ ಒಳಗೆ ಕೆತ್ತಿ ಪೊಟರೆ ಮಾಡು, ಉರೋ ಅಂತಾರೆ ಜಪಾನಿನಲ್ಲಿ, ಹಳೇ ಮರದಲ್ಲಿ ಪೊಟರೆ ಇರಲ್ವಾ ಅಂದ್ರು. ಪೊಟರೆ ಅನ್ನೋ ಪದ ಅವ್ರು ಹೇಳಿಲ್ಲ, ನಾನು ಹಾಕಿದ್ದು. ಅವ್ರು ಹೇಳಿದ ಇಂಗ್ಲಿಷ್ ಕೇಳಿದ ತಕ್ಷಣ ನನಗೆ ನೆನಪಾಗಿದ್ದು ಅಜ್ಜನ ತೋಟದ ಹಲಸಿನ ಮರ, ಅದರ ಪೊಟರೇಲಿ ಗಿಳಿ ಮರಿ ಮಾಡ್ತಿತ್ತು, ಕೈ ಹಾಕಿದ್ರೆ ಹಾವಿರತ್ತೆ ಅಂತ ಹೆದರ್ಸೋರು. ಆ ಕಡೆಯಿಂದ ನೋಡಿದ್ರೆ ನನ್ನ ಎರಡು ಕಸಿ ಬೇರೂ ಮುಂದೇನೇ ಬರತ್ತೆ, ಬಳುಕೂ ಸರಿಯಾಗಿ ಕಾಣತ್ತೆ. ನರ್ಸರಿಯೋರು ಮುಂಭಾಗ ಅಂತ ಫೋಟೋ ತೆಗೆದಿದ್ದ ಕಡೆ ಈಗ ಹಿಂದಕ್ಕೆ ಹೋಗಿದೆ.

ಹಂಗಂತ ಸ್ಟಾರ್ ಜಾಸ್ತಿ ಮಾಡಲ್ಲ, ಅದು ಅವ್ರು ಮಾರಿದ್ದಲ್ಲ, ನಾಲ್ಕೂವರೆ ವರ್ಷದ ನನ್ನ ಚಾಕರಿ. ಬೊಡ್ಡೆ ಕಳ್ಸಿದ ರೀತಿಗೆ, ಟೈಮಿಗೆ, ಗಿಡದ ಜೀವಕ್ಕೆ ಮೂರು. ನೀವು ತಗೊಳ್ಳೋದಾದ್ರೆ ಎತ್ತರ ಕೇಳ್ಬೇಡಿ, ಕೊಂಬೆ ಎಷ್ಟಿದೆ ಅಂತ ಕೇಳ್ಬೇಡಿ, ಬುಡಾನ ಒಂದು ಸುತ್ತು ತಿರುಗ್ಸಿ ವಿಡಿಯೋ ಕಳ್ಸಿ ಅಂತ ಕೇಳಿ, ಮಣ್ಣು ಕೆದಕಿ ಬೇರು ತೋರ್ಸಿ ಅಂತ ಕೇಳಿ. ಕೊಡಲ್ಲ ಅಂದ್ರೆ ಬೇರೆ ಕಡೆ ನೋಡಿ.

ಮೊನ್ನೆ ಅದೇ ನರ್ಸರಿಯಿಂದ ಮೇಲ್ ಬಂತು, ಮಾರ್ಚ್‌ಗೆ ಹೊಸ ಬೊಡ್ಡೆಗಳ ಬುಕಿಂಗ್ ಓಪನ್ ಅಂತ. ಐದು ಇಂಚಿನದ್ದು ಒಂದಿದೆ, ಮತ್ತೆ ಒಂದೇ ಫೋಟೋ. ಹಿಂದಿನದ್ದು ಕಳ್ಸಿ ಅಂತ ಬರೆದಿದೀನಿ, ಜೊತೆಗೆ ಆ 30 ಡಾಲರ್ ಕ್ರೆಡಿಟ್ ಇನ್ನೂ ನಡೆಯತ್ತಾ ಅಂತಾನೂ. ಮನೇಲಿ ಇನ್ನೂ ಹೇಳಿಲ್ಲ.